ಲೆನ್ಸ್ ಸಿಕ್ಕಿಕೊಂಡ ಕ್ಯಾಮೆರಾ: ರಿಪೇರಿ ಮಾಡಿಸಲೋ, ಬೇರೆ ಕೊಳ್ಳಲೋ?

ಎಲ್ಲರಿಗೂ ನಮಸ್ಕಾರ. ಕ್ಯಾಮೆರಾ ಗೊತ್ತಿರುವವರು ಸ್ವಲ್ಪ ಸಲಹೆ ಕೊಡಿ.

ನನ್ನ ಹತ್ತಿರ 30 ಪಟ್ಟು ಆಪ್ಟಿಕಲ್ ಜೂಮ್ ಇರುವ ಸಣ್ಣ ಡಿಜಿಟಲ್ ಕ್ಯಾಮೆರಾ ಇದೆ. ಆನ್ ಮಾಡಿದರೆ ಲೆನ್ಸ್ ಅರ್ಧ ಹೊರಗೆ ಬಂದು ಕಟಕಟ ಅನ್ನುತ್ತದೆ, 'ಲೆನ್ಸ್ ಎರರ್' ತೋರಿಸಿ ಆಫ್ ಆಗುತ್ತದೆ. ಬಿದ್ದಿಲ್ಲ, ನೆನೆದಿಲ್ಲ. ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿದೆ, ಕಾರ್ಡ್ ತೆಗೆದು ನೋಡಿದೆ, ಲೆನ್ಸ್ ಸುತ್ತಲಿನ ಧೂಳು ಊದಿದೆ. ಏನೂ ಬದಲಾಗಲಿಲ್ಲ. ಹಳೆಯ ಫೋಟೋಗಳು ಸ್ಕ್ರೀನ್ ಮೇಲೆ ಸರಿಯಾಗಿ ಕಾಣುತ್ತವೆ. ಹಾಗಾಗಿ ತೊಂದರೆ ಲೆನ್ಸ್ ಭಾಗದಲ್ಲೇ ಇರಬೇಕು ಅನ್ನಿಸುತ್ತದೆ. ಒಳಗಿನ ಗೇರಿಗೆ ಮರಳಿನ ಕಣ ಸಿಕ್ಕಿದ್ದರೂ ಹೀಗಾಗುತ್ತದೆ, ಅಲ್ವಾ?

ನಾನೇ ಬಿಚ್ಚುವ ಯೋಚನೆ ಇಲ್ಲ. ಫ್ಲ್ಯಾಶ್‌ನ ಕೆಪಾಸಿಟರ್‌ನಲ್ಲಿ ಬ್ಯಾಟರಿ ತೆಗೆದ ಮೇಲೂ ಸುಮಾರು 300 ವೋಲ್ಟ್ ಉಳಿದಿರಬಹುದು. ಸುಮ್ನೆ ಶಾಕ್ ಯಾಕೆ? ದಯವಿಟ್ಟು 'ನೀವೇ ಬಿಚ್ಚಿ' ಅನ್ನಬೇಡಿ!

'ಫೋನ್ ಇದೆಯಲ್ಲ' ಅನ್ನುವವರಿಗೆ: ದೂರದ ಹಕ್ಕಿ ತೆಗೆಯಲು ನನಗೆ ಆ ಜೂಮ್ ಬೇಕೇ ಬೇಕು. ಫೋನಿನ ಡಿಜಿಟಲ್ ಜೂಮ್‌ನಲ್ಲಿ ಗರಿಯ ವಿವರ ಕಲಸಿಹೋಗುತ್ತದೆ.

ಈ ಮಾಡೆಲ್ ಈಗ ತಯಾರಾಗುತ್ತಿಲ್ಲ. ಹೊಸ ಲೆನ್ಸ್ ಯೂನಿಟ್ ಸಿಗುವುದು ಕಷ್ಟವಂತೆ. ಬೇರೆ ಕೆಟ್ಟ ಕ್ಯಾಮೆರಾದಿಂದ ತೆಗೆದು ಹಾಕಿಸಿದರೆ ಬಾಳಿಕೆ ಬರುತ್ತದೆಯೇ? ಹಾಗೆ ಹಾಕಿಸಿದವರು ಯಾರಾದರೂ ಇದ್ದೀರಾ? ರಿಪೇರಿಗೆ ಹೊಸದರ ಅರ್ಧ ಬೆಲೆಗಿಂತ ಜಾಸ್ತಿ ಆದರೆ ಬಿಟ್ಟುಬಿಡುವುದು ಎಂದುಕೊಂಡಿದ್ದೇನೆ. ಆಗ ಸೆಕೆಂಡ್ ಹ್ಯಾಂಡ್ ನೋಡಬೇಕು. ಕೊಳ್ಳುವ ಮುಂಚೆ ಲೆನ್ಸಿನೊಳಗೆ ಫಂಗಸ್ ಇದೆಯಾ ಅಂತ ಟಾರ್ಚ್ ಬಿಟ್ಟು ನೋಡುವುದು ಗೊತ್ತು, ಬೇರೆ ಏನೇನು ನೋಡಬೇಕು ಹೇಳಿ.