ಎಲೀಟ್ ಡೇಂಜರಸ್: ಸ್ಟಿಕ್ ಮುಟ್ಟದಿದ್ದರೂ ಹಡಗು ಎಡಕ್ಕೆ ತಿರುಗುತ್ತಿದೆ, ಯಾರಾದರೂ ದಾರಿ ಹೇಳಿ

ಕೋಬ್ರಾ_ಮಂಡ್ಯ · ಶುಕ್ರವಾರ ರಾತ್ರಿ 11:52

ನಮಸ್ಕಾರ. ಮೂರು ರಾತ್ರಿ ನಿದ್ದೆ ಕೆಟ್ಟಿದ್ದೇನೆ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ. ಬಾಹ್ಯಾಕಾಶ ಹಡಗು ಹಾರಿಸುವ ಈ ಕಂಪ್ಯೂಟರ್ ಆಟವನ್ನು ಎರಡು ವರ್ಷ ಗೇಮ್‌ಪ್ಯಾಡ್‌ನಲ್ಲೇ ಆಡಿದವನು ಹೋದ ವಾರ ಜಾಯ್‌ಸ್ಟಿಕ್ ತೆಗೆದುಕೊಂಡೆ. ಕೂತು ಎಲ್ಲಾ ಬಟನ್ ಸೆಟ್ ಮಾಡಿದೆ. ಮರುದಿನದಿಂದ ಶುರು. ಕೈ ಬಿಟ್ಟು ಕೂತರೂ ಹಡಗಿನ ಮೂತಿ ನಿಧಾನವಾಗಿ ಎಡಕ್ಕೆ ಹೋಗುತ್ತಲೇ ಇರುತ್ತದೆ. ಉರುಳುವುದಲ್ಲ, ಮೂತಿ ಪಕ್ಕಕ್ಕೆ ತಿರುಗುವುದು, ಅಂದರೆ ಯಾ.

ನಿನ್ನೆ ಸ್ಟೇಷನ್ನಿನ ಮೇಲ್ ಸ್ಲಾಟ್‌ನಲ್ಲಿ, ಅಂದರೆ ಒಳಗೆ ಹೋಗುವ ಕಿರಿದಾದ ಬಾಗಿಲಿನಲ್ಲಿ, ನುಗ್ಗುವಾಗ ಪಕ್ಕದ ಗೋಡೆಗೆ ಉಜ್ಜಿ ಉಜ್ಜಿ ನನ್ನ ಕೋಬ್ರಾ ಮಾರ್ಕ್ 3 ಪುಡಿಯಾಯಿತು. ಸರಕು ಪೂರ್ತಿ ಹೋಯಿತು. ಹಡಗಿನ ಬೆಲೆಯ 5% ಕಟ್ಟಿ ವಾಪಸ್ ತೆಗೆದುಕೊಂಡೆ, ಇನ್ನೊಂದು ಸಲ ಕಟ್ಟುವ ಶಕ್ತಿ ಇಲ್ಲ.

ವಿಂಡೋಸ್‌ನಲ್ಲಿ ಸ್ಟಿಕ್ ಪರೀಕ್ಷಿಸುವ ಜಾಯ್ ಸಿಪಿಎಲ್‌ನಲ್ಲಿ ನೋಡಿದೆ, ಸ್ಟಿಕ್ ನಡುವಿನಲ್ಲೇ ಇದೆ. ಕ್ಯಾಲಿಬ್ರೇಟ್ ಮಾಡಿದೆ. ಡೆಡ್‌ಝೋನ್ (ನಡುವಿನ ಸಣ್ಣ ಅಲುಗಾಟವನ್ನು ಆಟ ಲೆಕ್ಕಕ್ಕೆ ತೆಗೆದುಕೊಳ್ಳದ ಜಾಗ) ಜಾಸ್ತಿ ಮಾಡಿದೆ. ಏನೂ ಬದಲಾಗಲಿಲ್ಲ. ಸ್ಟಿಕ್ ವಾಪಸ್ ಕೊಡಬೇಕಾ?

ಬೆಸುಗೆಕಡ್ಡಿ · ಶನಿವಾರ ಬೆಳಿಗ್ಗೆ 7:10

ವಾಪಸ್ ಕೊಡಬೇಡಿ. ಇದು ಟ್ವಿಸ್ಟ್‌ನ ಪಾಟ್, ನೂರಕ್ಕೆ ನೂರು. ಈಗಿನ ಎಷ್ಟೋ ಸ್ಟಿಕ್‌ಗಳಲ್ಲಿ ಹಿಂದೆ ಮುಂದೆ, ಎಡ ಬಲ ಅಳೆಯಲು ಹಾಲ್ ಸೆನ್ಸರ್ ಇರುತ್ತದೆ. ಅದು ಅಯಸ್ಕಾಂತದ ಲೆಕ್ಕ, ಒಂದಕ್ಕೊಂದು ತಾಗುವುದೇ ಇಲ್ಲ, ಸವೆಯುವುದೂ ಇಲ್ಲ. ಆದರೆ ಕೋಲನ್ನು ತಿರುಚುವ ಆಕ್ಸಿಸ್‌ಗೆ (ಚಲನೆಯ ಒಂದೊಂದು ದಿಕ್ಕಿಗೂ ಆಕ್ಸಿಸ್ ಅನ್ನುತ್ತಾರೆ) ಮಾತ್ರ ಹಳೇ ಕಾಲದ ಪೊಟೆನ್ಶಿಯೋಮೀಟರ್, ಅಂದರೆ ಪಾಟ್, ಹಾಕಿ ಬಿಡುತ್ತಾರೆ. ರೇಡಿಯೋದ ವಾಲ್ಯೂಮ್ ಗುಂಡಿ ಇದೆಯಲ್ಲ, ಅದೇ ವಸ್ತು. ಕಾರ್ಬನ್ ಪಟ್ಟಿಯ ಮೇಲೆ ಲೋಹದ ಕಡ್ಡಿ ಉಜ್ಜುತ್ತಾ ಹೋಗುತ್ತದೆ, ನಡುವೆ ಧೂಳು ಕೂತರೆ ಓದುವ ಅಂಕಿ ಏರುಪೇರು.

ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಕಾಂಟ್ಯಾಕ್ಟ್ ಕ್ಲೀನರ್ ಕೇಳಿ, ಕೊಡುತ್ತಾರೆ. ಎಣ್ಣೆ ಇರುವ ಸ್ಪ್ರೇ ಬೇಡ, ಧೂಳು ಇನ್ನೂ ಅಂಟುತ್ತದೆ. ತಳದ ಸ್ಕ್ರೂ ಬಿಚ್ಚಿ, ಪಾಟ್‌ನ ಸಂದಿಗೆ ಎರಡು ಸಲ ಹೊಡೆದು, ಐವತ್ತು ಸಲ ಆ ಕಡೆ ಈ ಕಡೆ ತಿರುಚಿ. ಮುಗಿಯಿತು.

ತಾರಾಪಥ · ಶನಿವಾರ ಬೆಳಿಗ್ಗೆ 9:34

ಬಿಚ್ಚುವ ಮೊದಲು ಮೂರು ಪ್ರಶ್ನೆ. ಹಡಗನ್ನು ತಾನಾಗಿ ಸ್ಥಿರವಾಗಿಡುವ ಫ್ಲೈಟ್ ಅಸಿಸ್ಟ್ ಆಫ್ ಆಗಿದೆಯಾ? ಆಫ್ ಇದ್ದರೆ ಒಮ್ಮೆ ತಿರುಗಿಸಿದ ಹಡಗು ತಿರುಗುತ್ತಲೇ ಇರುತ್ತದೆ, ಅದು ತಪ್ಪಲ್ಲ. ಗ್ರಹದಿಂದ ಗ್ರಹಕ್ಕೆ ಅತಿ ವೇಗದಲ್ಲಿ ಹೋಗುವ ಸೂಪರ್‌ಕ್ರೂಸ್‌ನಲ್ಲೂ ಹೀಗೇ ಆಗುತ್ತದಾ? ಅಲ್ಲಿ ಫ್ಲೈಟ್ ಅಸಿಸ್ಟ್ ಆಫ್ ನಡೆಯುವುದಿಲ್ಲ, ಹಾಗಾಗಿ ಅಲ್ಲೂ ತಿರುಗಿದರೆ ಕಾರಣ ಬೇರೆ. ಸ್ಟೀಮ್‌ನಲ್ಲಿ ಆಡುತ್ತಿದ್ದರೆ ಸ್ಟೀಮ್ ಇನ್‌ಪುಟ್ ಆಫ್ ಮಾಡಿದ್ದೀರಾ? ಅದು ಆನ್ ಇದ್ದರೆ ಕೆಲವೊಮ್ಮೆ ನಿಮ್ಮ ಸ್ಟಿಕ್ ಜೊತೆಗೆ ಒಂದು ಸುಳ್ಳು ಗೇಮ್‌ಪ್ಯಾಡ್ ಕೂಡ ಆಟಕ್ಕೆ ಕಾಣುತ್ತದೆ, ಒಂದೇ ಅಲುಗಾಟ ಎರಡು ಸಲ ಹೋಗುತ್ತದೆ.

ಜೊತೆಗೆ, ಕಂಪ್ಯೂಟರ್‌ಗೆ ಬೇರೆ ಏನೇನು ಚುಚ್ಚಿದ್ದೀರಿ ಅಂತಲೂ ಹೇಳಿ.

ಕೋಬ್ರಾ_ಮಂಡ್ಯ · ಶನಿವಾರ ಮಧ್ಯಾಹ್ನ 1:05

ಫ್ಲೈಟ್ ಅಸಿಸ್ಟ್ ಆನ್ ಇದೆ. ಸೂಪರ್‌ಕ್ರೂಸ್‌ನಲ್ಲೂ ತಿರುಗುತ್ತದೆ. ಸ್ಟೀಮ್ ಇನ್‌ಪುಟ್ ಆಫ್. ಬೇರೆ ವಿಶೇಷ ಏನೂ ಇಲ್ಲ, ಎಲ್ಲರಿಗೂ ಇರುವುದೇ.

ಇನ್ನೊಂದು ವಿಚಿತ್ರ ಏನೆಂದರೆ ಕೆಲವೊಮ್ಮೆ ತಾನಾಗಿಯೇ ನಿಲ್ಲುತ್ತದೆ. ಒಂದೆರಡು ಸಲ ಬಲಕ್ಕೂ ಹೋಯಿತು. ಯಾವಾಗ, ಯಾಕೆ, ಗೊತ್ತಾಗುತ್ತಿಲ್ಲ.

ಬೆಸುಗೆಕಡ್ಡಿ · ಶನಿವಾರ ಮಧ್ಯಾಹ್ನ 1:20

ನಿಲ್ಲುತ್ತದೆ, ಬಲಕ್ಕೂ ಹೋಗುತ್ತದೆ ಅಂದಮೇಲೆ ಪಾಟೇ. ಧೂಳಿನ ಕಣ ಜರುಗಿದ ಹಾಗೆ ಅಂಕಿ ಜರುಗುತ್ತದೆ. ನಾನು ಇಂಥ ನಾಲ್ಕು ಸ್ಟಿಕ್ ಸರಿ ಮಾಡಿದ್ದೇನೆ. ಕ್ಲೀನರ್ ತನ್ನಿ.

ರಡ್ಡರ್_ಮೇಷ್ಟ್ರು · ಶನಿವಾರ ಸಂಜೆ 5:48

ಮೂಲ ಸಮಸ್ಯೆ ಟ್ವಿಸ್ಟ್‌ಗೆ ಯಾ ಕೊಡುವುದು. ವಿಮಾನದಲ್ಲಿ ಕೋಲು ಪಕ್ಕಕ್ಕೆ ಒತ್ತಿದರೆ ಉರುಳಬೇಕು, ಮೂತಿ ತಿರುಗಿಸುವುದು ಕಾಲಿನ ಕೆಲಸ. ಕೈಯ ಮಣಿಕಟ್ಟು ಮೂರು ಕೆಲಸ ಒಟ್ಟಿಗೆ ಮಾಡಿದರೆ ಯಾವುದೂ ನೇರ ಬರುವುದಿಲ್ಲ. ನೀವು ಮೇಲಕ್ಕೆ ಎಳೆಯುವಾಗ ಗೊತ್ತಿಲ್ಲದೆ ಸ್ವಲ್ಪ ತಿರುಚುತ್ತಿದ್ದೀರಿ, ಅಷ್ಟೆ. ಯಲಹಂಕದ ಏರೋ ಇಂಡಿಯಾದಲ್ಲಿ ವಿಮಾನಗಳ ಹಾರಾಟ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಎರಡುಕೋಲು · ಶನಿವಾರ ಸಂಜೆ 6:15

ಮೇಷ್ಟ್ರೇ, ಅವರು ಕೈ ಬಿಟ್ಟಾಗಲೂ ತಿರುಗುತ್ತದೆ ಅಂತ ಮೊದಲ ಸಾಲಿನಲ್ಲೇ ಬರೆದಿದ್ದಾರೆ. ಮತ್ತೆ ಇದು ವಿಮಾನ ಅಲ್ಲ. ಗಾಳಿ ಇಲ್ಲ, ರೆಕ್ಕೆಗೆ ಕೆಲಸ ಇಲ್ಲ. ನಾನು ಎಡಬಲಕ್ಕೆ ಯಾ ಕೊಟ್ಟು, ಉರುಳುವುದನ್ನು ಟ್ವಿಸ್ಟ್‌ಗೆ ಕೊಟ್ಟಿದ್ದೇನೆ. ಗುರಿ ಇಡುವುದು ಎಷ್ಟೋ ಸಲೀಸು.

ರಡ್ಡರ್_ಮೇಷ್ಟ್ರು · ಶನಿವಾರ ಸಂಜೆ 6:31

ಎಲೀಟ್‌ನಲ್ಲಿ ಯಾ ಬೇಕೆಂದೇ ನಿಧಾನ ಇಟ್ಟಿದ್ದಾರೆ. ಉರುಳುವುದು ಬೇಗ, ಮೂತಿ ಎತ್ತುವುದು ಬೇಗ. ಶತ್ರು ಪಕ್ಕದಲ್ಲಿದ್ದರೆ ಮೊದಲು ಉರುಳಿ ಅವನನ್ನು ತಲೆಯ ಮೇಲೆ ತಂದುಕೊಂಡು ಆಮೇಲೆ ಎಳೆಯಬೇಕು. ನಿಮ್ಮ ಹಾಗೆ ಯಾ ನಂಬಿಕೊಂಡು ಕೂತರೆ ಮೂತಿ ತಿರುಗುವಷ್ಟರಲ್ಲಿ ಅವನು ಹಿಂದೆ ಬಂದಿರುತ್ತಾನೆ.

ಎರಡುಕೋಲು · ಶನಿವಾರ ಸಂಜೆ 6:50

ಫ್ಲೈಟ್ ಅಸಿಸ್ಟ್ ಆಫ್ ಮಾಡಿ ಆಡಿ ನೋಡಿ, ಆಮೇಲೆ ಹೇಳಿ. ನನ್ನ ಮೇಜಿಗೆ ಎರಡು ಕಬ್ಬಿಣದ ಕ್ಲಾಂಪ್ ಹಾಕಿಸಿದ್ದೇನೆ, ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ್ದು. ಬಲಕ್ಕೆ ವಿಕೆಬಿ ಗ್ಲಾಡಿಯೇಟರ್ ಸ್ಟಿಕ್, ಎಡಕ್ಕೂ ಅದೇ, ಆದರೆ ಓರೆಯಾಗಿ ಕೂರಿಸಿದ್ದು. ಎಡಗೈ ಮುಂದೆ ತಳ್ಳಿದರೆ ಮುಂದಕ್ಕೆ, ಪಕ್ಕಕ್ಕೆ ತಳ್ಳಿದರೆ ಪಕ್ಕಕ್ಕೆ, ತಿರುಚಿದರೆ ಮೇಲೆ ಕೆಳಗೆ. ಆರೂ ಚಲನೆ ಎರಡು ಕೈಯಲ್ಲಿ, ಬಟನ್ ಒತ್ತುವ ಮಾತೇ ಇಲ್ಲ. ಕ್ಷುದ್ರಗ್ರಹದ ಪಟ್ಟಿಯೊಳಗೆ ಬಂಡೆಗೆ ಬೆನ್ನು ತಾಗಿಸದೆ ಒಂದು ಸುತ್ತು ಬರುತ್ತೇನೆ. ಒಮ್ಮೆ ಹೀಗೆ ಹಾರಿದವರು ಒಂದು ಕೋಲಿಗೆ ವಾಪಸ್ ಹೋಗುವುದಿಲ್ಲ.

ಪೆಂಗ್ವಿನ್_ಧಾರವಾಡ · ಶನಿವಾರ ರಾತ್ರಿ 8:02

ನಡುವೆ ಬಂದೆ, ತಪ್ಪು ತಿಳ್ಕೋಬೇಡ್ರಿ. ಲಿನಕ್ಸ್‌ನಲ್ಲಿ, ವಿಂಡೋಸ್ ಆಟ ಓಡಿಸುವ ಪ್ರೋಟಾನ್ ಮೇಲೆ ಇದೇ ಆಟ ಆಡುತ್ತೇನೆ. ಬಟನ್ ಸೆಟ್ಟಿಂಗ್‌ನ ಫೈಲ್ ಎಲ್ಲಿರುತ್ತದೆ?

ತಾರಾಪಥ · ಶನಿವಾರ ರಾತ್ರಿ 8:20

ಸ್ಟೀಮ್‌ನ ಕಂಪ್ಯಾಟ್‌ಡೇಟಾ ಫೋಲ್ಡರ್‌ನಲ್ಲಿ 359320 ಅಂತ ಒಂದಿರುತ್ತದೆ, ಅದು ಎಲೀಟ್‌ನ ಸಂಖ್ಯೆ. ಅದರೊಳಗೆ ವಿಂಡೋಸ್‌ನ ಹಾಗೇ ಫೋಲ್ಡರ್‌ಗಳು, ಹುಡುಕುತ್ತಾ ಹೋದರೆ ಬಟನ್ ಸೆಟ್ಟಿಂಗ್ ಇರುವ ಬೈಂಡಿಂಗ್ಸ್ ಫೋಲ್ಡರ್ ಸಿಗುತ್ತದೆ.

ಕೋಬ್ರಾ_ಮಂಡ್ಯ · ಭಾನುವಾರ ಬೆಳಿಗ್ಗೆ 11:15

ನನ್ನ ಪ್ರಶ್ನೆ ಬಿಟ್ಟು ಎಲ್ಲಾ ಆಯಿತು ಇಲ್ಲಿ. ಇರಲಿ. ಬೆಸುಗೆಕಡ್ಡಿ ಸರ್ ಹೇಳಿದ ಹಾಗೆ ನಿನ್ನೆ ರಾತ್ರಿ ಸ್ಟಿಕ್ ಬಿಚ್ಚಿದೆ. ಒಳಗೆ ಫಳಫಳ ಹೊಳೆಯುತ್ತಿತ್ತು, ಒಂದು ಕಣ ಧೂಳಿಲ್ಲ. ಆದರೂ ಸ್ಪ್ರೇ ಹೊಡೆದೆ, ಐವತ್ತು ಸಲ ತಿರುಚಿದೆ, ಮತ್ತೆ ಮುಚ್ಚಿ, ಕೋಲು ತಿರುಚಲು ಆಗದ ಹಾಗೆ ಟ್ವಿಸ್ಟ್ ಲಾಕ್ ಹಾಕಿದೆ. ಆಟ ತೆರೆದೆ. ಎಡಕ್ಕೇ ತಿರುಗಿತು.

ತಾರಾಪಥ · ಭಾನುವಾರ ಬೆಳಿಗ್ಗೆ 11:22

ಟ್ವಿಸ್ಟ್ ಲಾಕ್ ಹಾಕಿದೆ ಅಂದರೆ? ಲಾಕ್ ಮೊದಲಿಂದಲೂ ಹಾಕಿತ್ತಾ?

ಕೋಬ್ರಾ_ಮಂಡ್ಯ · ಭಾನುವಾರ ಬೆಳಿಗ್ಗೆ 11:30

ಹೌದು, ಎರಡನೇ ದಿನದಿಂದ. ತಿರುಗುವುದು ಶುರುವಾದ ತಕ್ಷಣ ಲಾಕ್ ಮಾಡಿದೆ. ನನಗೆ ಯಾ ಅಷ್ಟಾಗಿ ಬೇಡ, ಗೇಮ್‌ಪ್ಯಾಡ್‌ನಲ್ಲೂ ಉರುಳಿ ಎಳೆಯುವುದೇ ಅಭ್ಯಾಸ.

ಇನ್ನೊಂದು. ಗುರುವಾರ ಗುಡಿಸುವಾಗ ಹಿಂದಿನ ಕೇಬಲ್ ಎಲ್ಲಾ ಕಿತ್ತು, ಬೇಕಾದಷ್ಟು ಮಾತ್ರ ಹಾಕಿದ್ದೆ. ಅಂದು ರಾತ್ರಿ ಆಟ ತೆರೆದರೆ ನನ್ನ ಬಟನ್ ಸೆಟ್ಟಿಂಗ್ ಒಂದೂ ಇಲ್ಲ! ಮರುದಿನ ತಾನಾಗಿಯೇ ವಾಪಸ್ ಬಂತು. ಇದು ಬೇರೆ ಸಮಸ್ಯೆ, ಬಿಡಿ.

ಬೆಸುಗೆಕಡ್ಡಿ · ಭಾನುವಾರ ಬೆಳಿಗ್ಗೆ 11:41

ಲಾಕ್ ಹಾಕಿದರೂ ಪಾಟ್‌ಗೆ ಕರೆಂಟ್ ಹೋಗುತ್ತಲೇ ಇರುತ್ತದೆ. ಪಾಟ್‌ನ ಮೂರು ಕಾಲಿನ ಬೆಸುಗೆ ನೋಡಿದಿರಾ? ಬಿರುಕು ಬಿಟ್ಟಿರಬಹುದು. ಭೂತಗನ್ನಡಿಯಲ್ಲಿ ನೋಡಿ, ಸುತ್ತ ತೆಳ್ಳಗೆ ಉಂಗುರದ ಹಾಗೆ ಗೆರೆ ಕಂಡರೆ ಮತ್ತೆ ಬೆಸೆಯಬೇಕು.

ತಾರಾಪಥ · ಭಾನುವಾರ ಮಧ್ಯಾಹ್ನ 12:08

ಸರ್, ದಯವಿಟ್ಟು ಬೆಸುಗೆ ಸ್ವಲ್ಪ ತಡೆಯಿರಿ. ಕೋಬ್ರಾ ಅವರೇ, ಅದು ಬೇರೆ ಸಮಸ್ಯೆ ಅಲ್ಲ, ಅದೇ ಸಮಸ್ಯೆ. ಎಲೀಟ್‌ನ ಸೆಟ್ಟಿಂಗ್ ಫೈಲ್‌ನಲ್ಲಿ ಹೆಸರಿರುವ ಒಂದು ಸಾಧನ ಆಟ ಶುರುವಾಗುವಾಗ ಸಿಗದಿದ್ದರೆ, ಆಟ ಆ ಪೂರ್ತಿ ಸೆಟ್ಟಿಂಗ್ ಕೈಬಿಡುತ್ತದೆ. ಅಂದರೆ ಗುರುವಾರ ನೀವು ವಾಪಸ್ ಚುಚ್ಚದೇ ಇದ್ದ ಯಾವುದೋ ಒಂದು ವಸ್ತು ನಿಮ್ಮ ಸೆಟ್ಟಿಂಗ್‌ನೊಳಗೆ ಸೇರಿಕೊಂಡಿದೆ. ಏನದು?

ಕೋಬ್ರಾ_ಮಂಡ್ಯ · ಭಾನುವಾರ ಮಧ್ಯಾಹ್ನ 12:15

ಕೀಬೋರ್ಡ್, ಮೌಸ್, ಸ್ಟಿಕ್, ಹೆಡ್‌ಸೆಟ್ ಹಾಕಿದ್ದೆ. ಬಿಟ್ಟಿದ್ದು ಸ್ಟೀರಿಂಗ್ ವೀಲ್ ಒಂದೇ, ಮರುದಿನ ಅದನ್ನೂ ಚುಚ್ಚಿದೆ. ಅದು ಟ್ರಕ್ ಓಡಿಸುವ ಆಟಕ್ಕೆ, ಎಲೀಟ್‌ಗೂ ಅದಕ್ಕೂ ಸಂಬಂಧವೇ ಇಲ್ಲ. ವೀಲ್ ಕಪಾಟಿನ ಮೇಲಿದೆ. ಪೆಡಲ್ ಮಾತ್ರ ಮೇಜಿನ ಕೆಳಗೆ ಹಾಗೇ ಇದೆ, ಕಾಲಿಟ್ಟುಕೊಳ್ಳಲು ಆರಾಮ ಅಂತ.

ತಾರಾಪಥ · ಭಾನುವಾರ ಮಧ್ಯಾಹ್ನ 12:37

ಸಿಕ್ಕಿತು.

ನೀವು ಯಾ ಸೆಟ್ ಮಾಡಿದ ರಾತ್ರಿ ನೆನಪು ಮಾಡಿಕೊಳ್ಳಿ. ಆ ಸಾಲಿನ ಮೇಲೆ ಒತ್ತಿದಿರಿ, ಆಟ ಯಾವುದಾದರೂ ಆಕ್ಸಿಸ್ ಅಲುಗಲಿ ಅಂತ ಕಾಯುತ್ತಿತ್ತು. ನೀವು ಕೋಲು ತಿರುಚುವ ಮೊದಲು ನಿಮ್ಮ ಕಾಲು ಬ್ರೇಕ್ ಮೇಲೆ ಅಲುಗಿತು. ಮೊದಲು ಅಲುಗಿದ್ದನ್ನು ಆಟ ಹಿಡಿದುಕೊಳ್ಳುತ್ತದೆ. ಎಷ್ಟೋ ವೀಲ್‌ಗಳಲ್ಲಿ ಬ್ರೇಕ್ ಪೆಡಲ್‌ಗೂ ಆರ್‌ಝಡ್ ಆಕ್ಸಿಸ್ ಅಂತಲೇ ಹೆಸರು, ಸ್ಟಿಕ್‌ನ ಟ್ವಿಸ್ಟ್‌ಗೂ ಅದೇ ಹೆಸರು. ಹಾಗಾಗಿ ಆ ಸಾಲು ನೋಡಿ ನಿಮಗೆ ಅನುಮಾನ ಬಂದಿಲ್ಲ.

ಸ್ಟಿಕ್ ಬಿಟ್ಟರೆ ನಡುವಿಗೆ ಬರುತ್ತದೆ, ಪೆಡಲ್ ಬಿಟ್ಟರೆ ಒಂದು ತುದಿಗೆ ಹೋಗಿ ಕೂರುತ್ತದೆ. ಅಂದರೆ ಕಾಲು ತೆಗೆದಾಗಲೆಲ್ಲ ಆಟಕ್ಕೆ ಕಾಣುವುದು ಪೂರ್ತಿ ಎಡ. ಕಾಲಿನ ಭಾರ ಅರ್ಧ ಬಿದ್ದರೆ ನಡು, ಅದಕ್ಕೇ ಒಮ್ಮೊಮ್ಮೆ ನಿಲ್ಲುತ್ತಿತ್ತು. ಜಾಸ್ತಿ ಒತ್ತಿದರೆ ಬಲ. ನೀವು ನಿಧಾನವಾಗಿ ತಿರುಗುತ್ತದೆ ಅಂದಿದ್ದಕ್ಕೇ ನಾವೆಲ್ಲ ಸಣ್ಣ ಅಲುಗಾಟ ಅಂದುಕೊಂಡೆವು. ಆದರೆ ಮೇಷ್ಟ್ರು ಹೇಳಿದ ಹಾಗೆ ಈ ಆಟದಲ್ಲಿ ಯಾ ಪೂರ್ತಿ ಕೊಟ್ಟರೂ ನಿಧಾನವೇ. ಡೆಡ್‌ಝೋನ್ ಕೆಲಸ ಮಾಡದ್ದೂ ಇದರಿಂದಲೇ. ಅದು ನಡುವಿನ ಸಣ್ಣ ನಡುಕವನ್ನು ನುಂಗುತ್ತದೆ, ತುದಿಯಲ್ಲಿ ಕೂತ ಆಕ್ಸಿಸ್‌ಗೆ ಏನೂ ಮಾಡುವುದಿಲ್ಲ.

ಖಾತ್ರಿ ಮಾಡಿಕೊಳ್ಳಿ. ಲೋಕಲ್ ಆ್ಯಪ್‌ಡೇಟಾ ಒಳಗೆ ಫ್ರಾಂಟಿಯರ್ ಡೆವಲಪ್‌ಮೆಂಟ್ಸ್, ಅದರೊಳಗೆ ಎಲೀಟ್ ಡೇಂಜರಸ್, ಆಪ್ಷನ್ಸ್, ಬೈಂಡಿಂಗ್ಸ್. ಅಲ್ಲಿ ಕಸ್ಟಮ್ ಅಂತ ಶುರುವಾಗಿ ಬೈಂಡ್ಸ್ ಅಂತ ಮುಗಿಯುವ ಫೈಲ್ ಇರುತ್ತದೆ. ಮೊದಲು ಅದರ ಒಂದು ಕಾಪಿ ಬೇರೆ ಕಡೆ ಇಡಿ, ಇದು ಮುಖ್ಯ. ಆಮೇಲೆ ನೋಟ್‌ಪ್ಯಾಡ್‌ನಲ್ಲಿ ತೆರೆದು ಯಾ ಆಕ್ಸಿಸ್ ಸಾಲು ಹುಡುಕಿ. ಸಾಧನದ ಹೆಸರಿನ ಜಾಗ ನೋಡಿ. ಹೆಸರಿಲ್ಲದೆ ಎಂಟು ಅಕ್ಷರದ ಕೋಡ್ ಇದ್ದರೆ ಮೊದಲ ನಾಲ್ಕು ತಯಾರಕರದ್ದು, ಕೊನೆಯ ನಾಲ್ಕು ಆ ಮಾದರಿಯದ್ದು. ಉರುಳುವ ಸಾಲಿನಲ್ಲಿ ಇರುವುದೇ ಇಲ್ಲೂ ಇದೆಯಾ ಹೋಲಿಸಿ.

ಕೋಬ್ರಾ_ಮಂಡ್ಯ · ಭಾನುವಾರ ಮಧ್ಯಾಹ್ನ 1:26

ಅಕ್ಕಾ, ಬೇರೆ ಬೇರೆ! ಉರುಳುವ ಸಾಲಿನಲ್ಲಿ ಒಂದು, ಯಾ ಸಾಲಿನಲ್ಲಿ ಇನ್ನೊಂದು. ಆಟ ತೆರೆದು ಕಾಲು ಬ್ರೇಕ್ ಮೇಲಿಟ್ಟು ಮೆಲ್ಲಗೆ ಒತ್ತಿದೆ. ಎಡಕ್ಕೆ ಹೋಗುತ್ತಿದ್ದ ಮೂತಿ ನಿಂತಿತು. ಇನ್ನೂ ಒತ್ತಿದೆ, ಬಲಕ್ಕೆ ಬಂತು. ಹತ್ತು ನಿಮಿಷ ಬರೀ ಅದನ್ನೇ ಮಾಡುತ್ತಾ ಕೂತಿದ್ದೆ.

ಟ್ವಿಸ್ಟ್ ಲಾಕ್ ತೆಗೆದೆ, ಎರಡೂ ಕಾಲು ಕುರ್ಚಿ ಮೇಲೆ ಮಡಚಿಕೊಂಡು ಯಾ ಮತ್ತೆ ಸೆಟ್ ಮಾಡಿದೆ. ಈಗ ಕೈ ಬಿಟ್ಟರೆ ನಕ್ಷತ್ರಗಳು ಇದ್ದಲ್ಲೇ ಇವೆ. ನೀವು ಮೊದಲ ದಿನವೇ ಏನೇನು ಚುಚ್ಚಿದ್ದೀರಿ ಅಂತ ಕೇಳಿದ್ದಿರಿ, ನಾನು ಹೇಳಲಿಲ್ಲ. ಕ್ಷಮಿಸಿ.

ಬೆಸುಗೆಕಡ್ಡಿ · ಭಾನುವಾರ ಮಧ್ಯಾಹ್ನ 1:50

ಸರಿ, ಒಪ್ಪಿದೆ, ಸ್ಟಿಕ್‌ನ ಪಾಟ್ ಅಲ್ಲ. ಬಿಚ್ಚಿಸಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ಉಳಿದ ಕ್ಲೀನರ್ ಎಸೆಯಬೇಡಿ, ಪೆಡಲ್‌ಗಳಲ್ಲೂ ಸಾಮಾನ್ಯವಾಗಿ ಪಾಟೇ ಇರುತ್ತದೆ. ನೆಲದ ಧೂಳೆಲ್ಲ ಅಲ್ಲಿಗೇ ಹೋಗುವುದು.

ರಡ್ಡರ್_ಮೇಷ್ಟ್ರು · ಭಾನುವಾರ ಮಧ್ಯಾಹ್ನ 2:14

ಪೆಡಲ್ ಕಿತ್ತಿಡಬೇಡಿ. ಯಾ ಕಾಲಿಗೇ ಕೊಡಿ, ಆದರೆ ಸರಿಯಾಗಿ. ಕೆಲವು ವೀಲ್‌ಗಳ ಡ್ರೈವರ್‌ನಲ್ಲಿ ಎರಡು ಪೆಡಲ್ ಸೇರಿಸಿ ಒಂದೇ ಆಕ್ಸಿಸ್ ಮಾಡುವ ಆಯ್ಕೆ ಇರುತ್ತದೆ. ಆಗ ಎರಡೂ ಬಿಟ್ಟರೆ ನಡು, ಎಡಗಾಲು ಒತ್ತಿದರೆ ಎಡ, ಬಲಗಾಲು ಒತ್ತಿದರೆ ಬಲ. ಆ ಆಯ್ಕೆ ಇಲ್ಲದಿದ್ದರೆ ವಿಜಾಯ್ ಮತ್ತು ಜಾಯ್‌ಸ್ಟಿಕ್ ಗ್ರೆಮ್ಲಿನ್ ಅನ್ನುವ ಸಾಫ್ಟ್‌ವೇರ್ ಹಾಕಿ ಸೇರಿಸಬಹುದು.

ಎರಡುಕೋಲು · ಭಾನುವಾರ ಮಧ್ಯಾಹ್ನ 2:20

ಆ ದುಡ್ಡಿಗೆ ಇನ್ನೊಂದು ಸ್ಟಿಕ್ ತಗೊಳ್ಳಿ.

ರಡ್ಡರ್_ಮೇಷ್ಟ್ರು · ಭಾನುವಾರ ಮಧ್ಯಾಹ್ನ 2:22

ಯಾವ ದುಡ್ಡು? ಪೆಡಲ್ ಅವರ ಹತ್ತಿರ ಇದೆ, ಎರಡು ಸಾಫ್ಟ್‌ವೇರೂ ಉಚಿತ.

ಕೋಬ್ರಾ_ಮಂಡ್ಯ · ಭಾನುವಾರ ರಾತ್ರಿ 10:47

ಡ್ರೈವರ್‌ನಲ್ಲಿ ಆ ಆಯ್ಕೆ ಇತ್ತು ಮೇಷ್ಟ್ರೇ. ಹಾಕಿ ನೋಡಿದೆ. ಎಡ ಬಲ ಉಲ್ಟಾ ಇತ್ತು, ಆಟದಲ್ಲಿ ಇನ್ವರ್ಟ್ ಮಾಡಿದೆ. ಬೈಂಡ್ಸ್ ಫೈಲ್‌ನ ಎರಡು ಕಾಪಿ ಇಟ್ಟಿದ್ದೇನೆ, ವೀಲ್ ಇರುವಾಗಿನದು, ಇಲ್ಲದಾಗಿನದು. ಈಗಷ್ಟೇ ಅದೇ ಸ್ಟೇಷನ್ನಿಗೆ ಹೋಗಿ ಬಂದೆ. ಸ್ಲಾಟ್ ಹತ್ತಿರ ಬಂದಾಗ ಮೂತಿ ಕೂದಲೆಳೆ ಬಲಕ್ಕಿತ್ತು, ಎಡಗಾಲ ಹೆಬ್ಬೆರಳು ಒತ್ತಿದೆ, ನೇರವಾಯಿತು, ಒಳಗೆ ಹೋದೆ.

ಒಂದು ಅನುಮಾನ ಉಳಿದಿದೆ. ಇಳಿಯುವಾಗ ಪ್ಯಾಡ್ ಮೇಲೆ ಪೆಡಲ್ ಸ್ವಲ್ಪ ಜೋರು ಅನ್ನಿಸುತ್ತದೆ. ಲ್ಯಾಂಡಿಂಗ್‌ಗೆ ಬೇರೆಯೇ ಸೆಟ್ಟಿಂಗ್ ಸಾಲುಗಳಿವೆಯಲ್ಲ, ಅಲ್ಲಿ ಯಾ ಯಾರಾದರೂ ಬದಲಿಸಿ ನೋಡಿದ್ದೀರಾ?