ಹೈಟಿಯ ಹೆಣ್ಣು ರ‍್ಯಾಪರ್‌ಗಳ ಬೋಲ್ಡ್ ಸ್ಟೈಲ್ ಎಲ್ಲಿಂದ ಬಂತು? ಗೊತ್ತಿದ್ದೋರು ಹೇಳಿ

ಸೂಜಿದಾರ:
ಎಲ್ಲರಿಗೂ ನಮಸ್ಕಾರ. ನಾನು ಫ್ಯಾಷನ್ ಡಿಸೈನ್ ಫೈನಲ್ ಇಯರ್. ಪ್ರಾಜೆಕ್ಟ್‌ಗೆ ಹಿಪ್‌ಹಾಪ್ ಹೆಣ್ಮಕ್ಕಳ ಡ್ರೆಸ್ಸಿಂಗ್ ತಗೊಂಡಿದೀನಿ. ಅಮೆರಿಕದೋರ ಬಗ್ಗೆ ಎಲ್ಲರೂ ಮಾಡ್ತಾರೆ ಅಂತ ಕೆರಿಬಿಯನ್ ದ್ವೀಪದೇಶ ಹೈಟಿ ಕಡೆ ಹೋದೆ. ಪ್ರಿನ್ಸೆಸ್ ಯೂಡ್ ಅಂತ ಒಬ್ರು ಅಲ್ಲಿನ ಜನರ ಮಾತಾದ ಕ್ರಿಯೋಲ್ ಭಾಷೇಲಿ ರ‍್ಯಾಪ್ ಮಾಡ್ತಾರೆ, ಅವರಿಂದ ಶುರುವಾಗಿ ಒಂದಾದ್ಮೇಲೆ ಒಂದು ವಿಡಿಯೋ ನೋಡ್ತಾ ರಾತ್ರಿ ಎರಡು ಗಂಟೆ ಆಗಿದ್ದೇ ಗೊತ್ತಾಗ್ಲಿಲ್ಲ. ಬೇರೆ ಬೇರೆ ಕಲಾವಿದೆಯರ ವಿಡಿಯೋದಲ್ಲಿ ಒಂದಷ್ಟು ವಿಷಯ ಮತ್ತೆ ಮತ್ತೆ ಕಾಣ್ತು. ಗೋಪುರದ ಥರ ಎತ್ತಿ ಕಟ್ಟಿದ ತಲೆವಸ್ತ್ರ, ಭುಜ ಕಾಣೋ ಥರದ ನೀಲಿ ಡ್ರೆಸ್ಸು ಮೂರು ಸುತ್ತು ಫ್ರಿಲ್ ಇರೋದು ಅದರ ಕೆಳಗೆ ದಪ್ಪ ಬೂಟ್ಸು, ಎಲ್ಲಾದ್ರೂ ಒಂದು ಕಡೆ ಕೆಂಪು ನೀಲಿ ಜೊತೇಲಿ, ಆಮೇಲೆ ಮೈತುಂಬ ಮಿಂಚೋ ಸೀಕ್ವಿನ್ಸ್.

ರಿವ್ಯೂ ದಿನ ಮೇಡಂ ನೋಡಿ, ಕಣ್ಣಿಗೆ ಹೊಡೆಯೋ ಬಣ್ಣ ಮೈ ತೋರಿಸೋದು ಇಷ್ಟೇ ತಾನೆ, ಇದರಲ್ಲಿ ಕಾನ್ಸೆಪ್ಟ್ ಎಲ್ಲಿದೆ ಅಂದ್ರು. ನಂಗೆ ಉತ್ತರ ಕೊಡೋಕೆ ಆಗ್ಲಿಲ್ಲ, ಬೇಜಾರಾಯ್ತು. ಏನೋ ಇದೆ ಅಂತ ಮನಸ್ಸಿಗೆ ಅನ್ಸುತ್ತೆ, ಏನಂತ ಹೇಳೋಕೆ ಬರ್ತಿಲ್ಲ.

ಮಾಂಟ್ರಿಯಲ್ ಕನ್ನಡತಿ:
ನಿನಗೆ ಅನ್ಸಿದ್ದು ಸರಿ ತಂಗಿ. ನಾನು ಕೆನಡಾದ ಮಾಂಟ್ರಿಯಲ್‌ಗೆ ಬಂದು ಹನ್ನೊಂದು ವರ್ಷ, ನಮ್ಮನೆ ಸೇಂಟ್ ಮಿಶೆಲ್ ಕಡೆ, ಅಕ್ಕಪಕ್ಕ ಬಹಳಷ್ಟು ಮನೆ ಹೈಟಿಯವರದ್ದೇ. ನೀನು ಇಲ್ಲಿನ ಜೆ.ಕಿಲ್‌ನೂ ಕೇಳು, ಮ್ಯೂಜಿಯನ್ ಅನ್ನೋ ಗ್ರೂಪಿನವರು, ಹೈಟಿ ಮೂಲದವರು, 1999ರಲ್ಲೇ ಆಲ್ಬಂ ತಂದ್ರು, ಫ್ರೆಂಚಿಗೆ ಕ್ರಿಯೋಲ್ ಬೆರೆಸಿ ರ‍್ಯಾಪ್ ಮಾಡೋರು.

ನೀನು ಹೇಳಿದ ಫ್ರಿಲ್ ಡ್ರೆಸ್ಸಿನ ಹೆಸರು ಕಾರಾಬೆಲಾ. ಹಳ್ಳಿ ಹೆಂಗಸರ ಉಡುಪಿಂದ ಬಂದಿದ್ದು, ಈಗ ಜಾನಪದ ನೃತ್ಯಕ್ಕೆ, ಹಬ್ಬಕ್ಕೆ ಹಾಕ್ತಾರೆ. ಆ ನೀಲಿಗೆ ಒಂದು ಅರ್ಥ ಇದೆ. ವೂಡೂ ಅನ್ನೋ ಹೈಟಿಯವರ ಧರ್ಮದ ನಂಬಿಕೇಲಿ ಬೇಸಾಯದ ದೇವರು ಅಜಾಕಾ ಅಂತ, ಅವನಿಗೆ ನೀಲಿ ಡೆನಿಮ್ ಅಂಗಿ, ಹುಲ್ಲಿನ ಟೋಪಿ, ಹೆಗಲಿಗೆ ಜೋಳಿಗೆ, ಥೇಟ್ ಹೊಲದಿಂದ ಬಂದ ರೈತನ ಹಾಗೆ. ಅಂಥ ನೀಲೀನ ಸಿಟಿ ಹುಡುಗಿ ಬೂಟ್ಸ್ ಮೇಲೆ ಹಾಕ್ಕೊಂಡು ಸ್ಟೇಜ್ ಹತ್ತಿದ್ರೆ, ನಾನು ಯಾರ ಮನೆ ಮಗಳು ಅಂತ ಬಾಯಿ ಬಿಡದೇ ಹೇಳ್ದಂಗೆ ಅಂತ ನಂಗನ್ಸುತ್ತೆ.

ಇನ್ನು ಕೆಂಪು ನೀಲಿ. 1803ರ ಮೇ 18ಕ್ಕೆ ಆರ್ಕಾಹೆ ಅನ್ನೋ ಊರಲ್ಲಿ, ಫ್ರೆಂಚರ ವಿರುದ್ಧ ದಂಗೆ ನಡೆಸ್ತಿದ್ದ ನಾಯಕ ದೆಸಾಲಿನ್ ಫ್ರೆಂಚ್ ಬಾವುಟದ ಮಧ್ಯದ ಬಿಳಿ ಪಟ್ಟಿ ಕಿತ್ತೆಸೆದ, ಉಳಿದ ಎರಡು ತುಂಡನ್ನ ಕ್ಯಾಥರೀನ್ ಫ್ಲಾನ್ ಅನ್ನೋ ಹೆಣ್ಣುಮಗಳು ಹೊಲಿದು ಜೋಡಿಸಿದ್ಲು ಅಂತ ಅವರು ಮಕ್ಕಳಿಗೆ ಕಥೆ ಹೇಳ್ತಾರೆ. ದೇಶದ ಕಥೇಲೇ ಸೂಜಿ ಹಿಡಿದ ಹೆಂಗಸು ಇದಾಳೆ ನೋಡು! ಪ್ರತಿ ವರ್ಷ ಆ ದಿನ ನಮ್ಮ ಬೀದೀಲಿ ಬಾಲ್ಕನಿ, ಕಾರು, ಮಕ್ಕಳ ಜಡೆ ರಿಬ್ಬನ್ನು ಎಲ್ಲಾ ಕೆಂಪು ನೀಲಿ. 1997ರ ಗ್ರ್ಯಾಮಿಗೆ ಫ್ಯೂಜೀಸ್ ಅನ್ನೋ ಹಿಪ್‌ಹಾಪ್ ಗ್ರೂಪಿನ ವೈಕ್ಲಿಫ್ ಜಾನ್ ಹೈಟಿ ಬಾವುಟ ಹೊದ್ದು ಹೋಗಿದ್ದನ್ನ ಪಕ್ಕದ್ಮನೆ ಆಂಟಿ ಇವತ್ತಿಗೂ ಕಣ್ಣರಳಿಸಿ ಹೇಳ್ತಾರೆ.

ಆರಿವರ್ಕ್ ಅಮ್ಮ:
ಮಗಳೇ ನಾನು ಇಪ್ಪತ್ತೆರಡು ವರ್ಷದಿಂದ ಬ್ಲೌಸ್ ಬೊಟೀಕ್ ನಡೆಸ್ತಿದೀನಿ. ಸೀಕ್ವಿನ್ಸ್ ಅಂದೆಯಲ್ಲ, ಅದನ್ನ ಸುಮ್ನೆ ಮಿಂಚು ಅಂತ ಬಿಡಬೇಡ. ಹೈಟೀಲಿ ವೂಡೂ ದೇವರುಗಳ ಬಾವುಟಾನ ಸೀಕ್ವಿನ್ಸಲ್ಲೇ ತುಂಬ್ತಾರೆ, ಒಂದಿಂಚು ಬಟ್ಟೆ ಕಾಣಲ್ಲ. ಅದು ಗಂಡಸರ ಕೈಲೇ ಇದ್ದ ಕೆಲಸ, ಅದಕ್ಕೆ ಮಿರ್ಲಾಂಡ್ ಕಾನ್ಸ್ಟಂಟ್ ಅನ್ನೋ ಹೆಂಗಸು ಬಂದ್ರು. ಅವರು ಮೊದಲು ಮದುವೆ ಗೌನ್ ಮಾಡೋ ಫ್ಯಾಕ್ಟರೀಲಿ ಅಮ್ಮನ ಜೊತೆ ಮಣಿ ಪೋಣಿಸ್ತಿದ್ದೋರು, ಅಲ್ಲಿ ಕಲಿತ ಕೈಚಳಕಾನ ಬಾವುಟಕ್ಕೆ ತಂದ್ರು. 2022ರಲ್ಲಿ ಇಟಲಿಯ ದೊಡ್ಡ ಕಲಾಪ್ರದರ್ಶನ ವೆನಿಸ್ ಬಿಯೆನ್ನಾಲೆ ತನಕ ಹೋಯ್ತು ಅವರ ಕೆಲಸ.

ನಂಗೆ ಮೈ ಜುಮ್ ಅಂದಿದ್ದು ಏನಕ್ಕೆ ಗೊತ್ತಾ, ಅವರು ಮಾಡೋ ಟ್ಯಾಂಬರ್ ಕಸೂತಿ ಇದೆಯಲ್ಲ, ಚೌಕಟ್ಟಿಗೆ ಬಟ್ಟೆ ಬಿಗಿದು ಕೊಕ್ಕೆ ಸೂಜೀಲಿ ಚೈನ್ ಹೊಲಿಗೆ ಎಳೆಯೋದು, ಅದು ನಮ್ಮ ಆರಿ ವರ್ಕೇ! ಹದಿನೆಂಟನೇ ಶತಮಾನದಲ್ಲಿ ನಮ್ಮ ಕಡೆಯಿಂದ ಯುರೋಪಿಗೆ ಹೋದ ವಿದ್ಯೆ. ನಿಮ್ಮ ಮೇಡಂ ಕಾನ್ಸೆಪ್ಟ್ ಎಲ್ಲಿ ಅಂದ್ರೆ ಇದನ್ನ ಹೇಳು.

ಹುಬ್ಬಳ್ಳಿ ಹುಡುಗ:
ಎಲ್ಲಾರೂ ಹಬ್ಬದ ಅರಿವಿ ಬಗ್ಗೆನೇ ಹೇಳಾಕತ್ತೀರಿ, ದಿನಾ ಉಡೋ ಅರಿವಿದೂ ಒಂದ್ ಮಾತ್ ಹೇಳ್ತೀನ್ರಿ. ನಮ್ಮ ಕಾಕಾ ವಿಶ್ವಸಂಸ್ಥೆ ಶಾಂತಿಪಡೆಗೆ ಅಂತ ಭಾರತದ ಪೊಲೀಸ್ ತುಕಡಿ ಜೋಡಿ ಹೈಟಿಗೆ ಹೋಗಿದ್ರು. ಅವರು ಹೇಳೋದು ಏನಂದ್ರ ಪೋರ್ಟ್ ಔ ಪ್ರಿನ್ಸ್ ಸಂತ್ಯಾಗ ಮಂದಿ ಉಟ್ಟು ಬಿಟ್ಟ ಅರಿವಿ ಗುಡ್ಡದಂಗ ಒಟ್ಟಿರ್ತಾರಂತ. ಅಮೆರಿಕದಿಂದ ಹಡಗದಾಗ ಪೆಂಡಿ ಪೆಂಡಿ ಬರ್ತೈತಿ, ಅದಕ್ಕ ಅಲ್ಲಿ ಪೆಪೆ ಅಂತಾರ, ಮೊದಲ ಕೆನಡಿ ಅಂತಿದ್ರಂತ, ಯಾಕಂದ್ರ ಅಮೆರಿಕದ ಅಧ್ಯಕ್ಷ ಕೆನಡಿ ಕಾಲದಾಗ ನೆರವು ಅಂತ ಬರಾಕ್ ಚಾಲೂ ಆಗಿದ್ದು. ಇದರಿಂದ ಅಲ್ಲಿ ಸಿಂಪಿಗ್ಯಾರ ಹೊಟ್ಟಿ ಮ್ಯಾಲೆ ಹೊಡ್ತ ಬಿದ್ದದ್ದೂ ಖರೇನ, ಆದ್ರ ಅದೇ ಸಿಂಪಿಗ್ಯಾರು ಆ ದೊಗಳೆ ಪ್ಯಾಂಟ್ ಕತ್ತರಿಸಿ ಮೈಗೆ ಕುಂದರೋ ಹಂಗ ಹೊಲದು ಕೊಡ್ತಾರ. ಬ್ಯಾರೇದವರು ಒಗದಿದ್ದನ್ನ ಎತ್ತಿ ರಾಣಿ ಹಂಗ ಉಡೋದು ಐತಲ್ರಿ, ನನಗ ಧೈರ್ಯ ಅಂದ್ರ ಅದು.

ಸೂಜಿದಾರ:
ಅಯ್ಯೋ ಎಲ್ಲರಿಗೂ ತುಂಬಾ ಥ್ಯಾಂಕ್ಸ್, ಓದ್ತಾ ಕಣ್ಣಲ್ಲಿ ನೀರು ಬಂತು. ಅಮ್ಮ, ಆರಿ ವರ್ಕ್ ವಿಷಯ ನಂಗೆ ಗೊತ್ತೇ ಇರ್ಲಿಲ್ಲ. ಅಕ್ಕಾ, ತಲೆವಸ್ತ್ರದ ಬಗ್ಗೆ ಯಾರೂ ಹೇಳ್ಲಿಲ್ಲ, ನಿಮಗೆ ಗೊತ್ತಾ? ನನ್ನ ಕಲೆಕ್ಷನ್ ಅದರಿಂದಲೇ ಶುರು ಮಾಡೋಣ ಅಂತಿದ್ದೆ.

ಮಾಂಟ್ರಿಯಲ್ ಕನ್ನಡತಿ:
ಅದನ್ನ ಬೇಕಂತಲೇ ಆಮೇಲೆ ಹೇಳೋಣ ಅಂತ ಇಟ್ಟಿದ್ದೆ, ಯಾಕಂದ್ರೆ ನನ್ನ ಪ್ರಕಾರ ಎಲ್ಲಾ ಅಲ್ಲೇ ಇರೋದು. ಫ್ರೆಂಚರ ಕೈಲಿದ್ದಾಗ ಹೈಟಿಗೆ ಸಾಂ ದೊಮಿಂಗ್ ಅಂತ ಹೆಸರು. ಗುಲಾಮಗಿರಿಯಿಂದ ಬಿಡುಗಡೆಯಾದ ಕರಿಯರು, ಮಿಶ್ರ ಮೂಲದವರು ಬಿಳಿಯರ ಥರ ಡ್ರೆಸ್ ಮಾಡೋ ಹಾಗಿಲ್ಲ ಅಂತ 1779ರಲ್ಲಿ ಅಲ್ಲಿ ನಿಯಮ ಬಂತು. 1786ರಲ್ಲಿ, ಈಗ ಅಮೆರಿಕದಲ್ಲಿರೋ, ಆಗ ಸ್ಪೇನಿನ ಕೈಲಿದ್ದ ಲೂಯಿಸಿಯಾನದಲ್ಲಿ ಗವರ್ನರ್ ಮಿರೋ ಕೂಡ ಇಂಥದ್ದೇ ಆಜ್ಞೆ ಹೊರಡಿಸಿದ, ಬಿಳಿಯರಲ್ಲದ ಹೆಂಗಸರು ಕೂದಲಿಗೆ ಒಡವೆ ಗರಿ ಸಿಕ್ಕಿಸಬಾರ್ದು, ತಲೆಗೆ ವಸ್ತ್ರ ಕಟ್ಕೋಬೇಕು ಅಂತ. ಕಟ್ಕೊಂಡ್ರು. ಎಷ್ಟು ಒಳ್ಳೇ ಬಟ್ಟೆ, ಎಂಥಾ ಬಣ್ಣ, ಎಷ್ಟು ಎತ್ತರಕ್ಕೆ ಕಟ್ಟಿದ್ರು ಅಂದ್ರೆ ಅವಮಾನ ಮಾಡೋಕೆ ತಂದ ಬಟ್ಟೆ ಬೀದೀಲೆಲ್ಲಾ ಎದ್ದು ಕಾಣೋ ಕಿರೀಟ ಆಯ್ತು. 1809ರಲ್ಲಿ ಹೈಟಿ ಕಡೆಯ ಸಾವಿರಾರು ಜನ ಕ್ಯೂಬಾ ದಾಟಿ ಅದೇ ಲೂಯಿಸಿಯಾನದ ನ್ಯೂ ಆರ್ಲಿಯನ್ಸಿಗೆ ಬಂದು ಇಳಿದ್ರು, ಹಾಗಾಗಿ ಎರಡೂ ಕಡೆ ಹೆಂಗಸರ ಕಥೆ ಹೆಣೆದುಕೊಂಡೇ ಇದೆ.

ಆದ್ದರಿಂದ ನಿಮ್ಮ ಮೇಡಂ ಮೈ ತೋರಿಸೋದು ಅಂದ್ರಲ್ಲ, ಅದಕ್ಕೆ ನಾನು ಒಪ್ಪಲ್ಲ. ನೀನು ಏನು ಉಡಬೇಕು ಅಂತ ಕಾನೂನು ಮಾಡಿ ಹೇಳಿಸ್ಕೊಂಡ ಜನ ಅವರು, ಅವರ ಮನೆ ಹೆಣ್ಣುಮಗಳು ಮೈಕ್ ಹಿಡಿದು ತನಗೆ ಬೇಕಾದ್ದು ಉಟ್ಟು ನಿಲ್ಲೋದನ್ನ ಅಳೆಯೋಕೆ ಚರ್ಮದ ಲೆಕ್ಕ ಸಾಕಾಗಲ್ಲ.

ಒಂದೇ ಒಂದು ಎಚ್ಚರಿಕೆ. ನೇರಳೆ ಕಪ್ಪು ಬಟ್ಟೆಗೆ ಒಂದು ಗಾಜು ಮಾತ್ರ ಇರೋ ಕನ್ನಡಕ ಕಂಡ್ರೆ ಚೆನ್ನಾಗಿದೆ ಅಂತ ಕಾಪಿ ಮಾಡಿಬಿಡಬೇಡ. ಅದು ವೂಡೂನಲ್ಲಿ ಸತ್ತೋರ ದೇವತೆಗಳಾದ ಗೆಡೆಯವರ ವೇಷ, ನವೆಂಬರ್ ಮೊದಲೆರಡು ದಿನ ಸ್ಮಶಾನದಲ್ಲಿ ಅವರ ಪೂಜೆ ನಡೆಯುತ್ತೆ. ಅವರ ಪಾಲಿಗೆ ಅದು ಭಕ್ತಿ.

ಆರಿವರ್ಕ್ ಅಮ್ಮ:
ತಲೆವಸ್ತ್ರಕ್ಕೆ ಜಾರ್ಜೆಟ್ ತಗೋಬೇಡ ಮಗಳೇ, ಜಾರುತ್ತೆ. ಗಂಜಿ ಹಾಕಿದ ಕಾಟನ್ ತಗೋ, ನಿಲ್ಲುತ್ತೆ. ಅಂಚಿಗೆ ಮಣಿ ಕೆಲಸ ಮಾಡೋದಾದ್ರೆ ಭಾರ ಜಾಸ್ತಿ ಆಗಿ ಕಟ್ಟು ಕುಸಿಯುತ್ತೆ, ಮುಂದೆ ಕಾಣೋ ಮಡಿಕೆಗೆ ಮಾತ್ರ ಮಾಡು. ಫ್ರೇಮ್ ಇಲ್ಲ ಅಂದ್ರೆ ಮೆಸೇಜ್ ಹಾಕು, ನನ್ನ ಹತ್ರ ಒಂದು ಖಾಲಿ ಇದೆ.