ಎಡಿಎಚ್‌ಡಿ ಇರೋ ಹುಡುಗನ ಓದಿಗೆ ಹಾಡು: ಲೆಕ್ಕಕ್ಕೆ ಸರಿ, ಪಾಠಕ್ಕೆ ಯಾಕೆ ಆಗಲ್ಲ?

ಮೂರನೇ_ಬೆಂಚು
9 ವರ್ಷದ ಹುಡುಗ, ಎಡಿಎಚ್‌ಡಿ ಇದೆ, ಅಂದರೆ ಗಮನ ನಿಲ್ಲಲ್ಲ, ಚಡಪಡಿಕೆ ಜಾಸ್ತಿ. ಅದಕ್ಕೆ ಬೆಳಗ್ಗೆ ಮೀಥೈಲ್‌ಫೆನಿಡೇಟ್ ಮಾತ್ರೆ ಕೊಡ್ತೀವಿ. ಸಂಜೆ ಲೆಕ್ಕ ಮಾಡುವಾಗ ಅವನಿಷ್ಟದ ಸಿನಿಮಾ ಹಾಡು ಹಾಕಿದರೆ ಕೂರ್ತಾನೆ. ಅದೇ ಹಾಡು ಕನ್ನಡ ಪಾಠಕ್ಕೆ ಹಾಕಿದರೆ ಒಂದು ಪ್ಯಾರಾ ಮುಗಿಯೋದರೊಳಗೆ ಎದ್ದುಬಿಡ್ತಾನೆ. ಯಾಕೆ ಹೀಗೆ? ಹೆಡ್‌ಫೋನ್ ಕೊಡಬಹುದಾ?

ತಾಳತಪ್ಪಿದವ
ಹಾಡಿನ ಸಾಹಿತ್ಯವೇ ಅಡ್ಡ ಬರ್ತಿರೋದು. ಪಾಠವೂ ಮಾತು, ಹಾಡೂ ಮಾತು, ಎರಡೂ ಒಂದೇ ಬಾಗಿಲಲ್ಲಿ ನುಗ್ಗುತ್ತವೆ. ಕೂಡೋ ಕಳೆಯೋ ಲೆಕ್ಕಕ್ಕೆ ಅಷ್ಟು ತೊಂದರೆಯಿಲ್ಲ, ಆದರೆ ವಾಕ್ಯದಲ್ಲಿ ಕೊಡೋ ಲೆಕ್ಕವನ್ನು ಪಾಠದ ಜೊತೆಗೇ ಸೇರಿಸಿ.

ಎರಡು ಪ್ಲೇಲಿಸ್ಟ್ ಮಾಡಿ. ಓದಿನದ್ದರಲ್ಲಿ ಬರೀ ವಾದ್ಯ ಇರಲಿ. ಹುಡುಗ ಸಂಗೀತ ಕಲೀತಿದ್ದರೆ ಇಲ್ಲೊಂದು ಎಡವಟ್ಟಿದೆ. ಅವನಿಗೆ ಬರೋ ಕೃತಿಯನ್ನು ಕೊಳಲಲ್ಲಿ ಕೇಳಿದರೂ ಒಳಗೊಳಗೇ ಹಾಡಿಕೊಳ್ತಾನೆ. ಹಾಗಾಗಿ ಸಾಹಿತ್ಯವೇ ಇಲ್ಲದ ರಾಗದ ಆಲಾಪನೆ ಮೇಲು. ತನಿ ಆವರ್ತನ, ಅಂದರೆ ಬರೀ ಮೃದಂಗದಂಥ ತಾಳವಾದ್ಯ ನುಡಿಸೋ ಭಾಗ ಬೇಡ, ಪೆನ್ಸಿಲ್ ಮೇಜಿನ ಮೇಲೆ ಮೃದಂಗ ಬಾರಿಸೋಕೆ ಶುರುಮಾಡುತ್ತೆ.

ಪಟ್ಟಿ 15 ನಿಮಿಷದ್ದಿರಲಿ, ದಿನಾ ಅದೇ ಕ್ರಮದಲ್ಲಿ, ಷಫಲ್ ಆಫ್. ಹೊತ್ತು ಹೋಗಿದ್ದು ಗೊತ್ತಾಗದ ಮಕ್ಕಳಿಗೆ ಇದೇ ಗಡಿಯಾರ. ಕೊನೇ ತುಣುಕು ಬಂತು ಅಂದರೆ ಐದು ನಿಮಿಷ ಬಿಡುವು. ಡೌನ್‌ಲೋಡ್ ಮಾಡಿಟ್ಟು ಫೋನನ್ನು ಫ್ಲೈಟ್ ಮೋಡ್‌ಗೆ ಹಾಕಿ, ನಡುವೆ ಜಾಹೀರಾತು ಬಂದರೆ ಕಥೆ ಮುಗೀತು.

ಕಾಗದಪೆನ್ಸಿಲು
ಕೂತಿದ್ದಾನೆ ಅಂದರೆ ಕೆಲಸ ಆಗ್ತಿದೆ ಅಂತಲ್ಲ, ಎಣಿಸಿ ನೋಡಿ. ಒಂದೇ ಮಟ್ಟದ 10 ಲೆಕ್ಕ, ಒಂದೇ ಹೊತ್ತು, 10 ದಿನ. ಇವತ್ತು ಹಾಡು ಇರಬೇಕಾ ಬೇಡ್ವಾ ಅಂತ ನಾಣ್ಯ ಚಿಮ್ಮಿ ತೀರ್ಮಾನಿಸಿ, ಇಲ್ಲದಿದ್ದರೆ ಮೂಡ್ ಚೆನ್ನಾಗಿರೋ ದಿನವೇ ಹಾಡು ಹಾಕ್ತೀರಿ. ಸರಿ ಎಷ್ಟು, ತಪ್ಪು ಎಷ್ಟು, ಎಷ್ಟು ಸಲ ಎದ್ದ, ಇಷ್ಟು ಬರೆದಿಟ್ಟರೆ ಸಾಕು.

ಮಾತ್ರೆ ಯಾವ ಬಗೆಯದು ಅಂತಲೂ ನೋಡಿ. ಬೇಗ ಕೆಲಸ ಮಾಡೋ ಮೀಥೈಲ್‌ಫೆನಿಡೇಟ್ ತಗೊಂಡು ಸುಮಾರು 4 ಗಂಟೆ ಕಳೆಯೋದರೊಳಗೆ ಇಳಿದುಹೋಗುತ್ತೆ, ಸಂಜೆ ಹೊತ್ತಿಗೆ ಅದರ ಬಲ ಇರಲ್ಲ. ಆ ಜಾಗಕ್ಕೆ ಹಾಡು ಬರಲಾರದು. ನೀವು ಬರೆದಿಟ್ಟ ಲೆಕ್ಕದ ಚೀಟಿಯನ್ನು ಡಾಕ್ಟರಿಗೆ ತೋರಿಸಿ, ಡೋಸ್ ಅವರೇ ನೋಡ್ಕೊಳ್ಳಲಿ.

ಮೂರನೇ_ಬೆಂಚು
ಥ್ಯಾಂಕ್ಸ್. ವಾಲ್ಯೂಮ್ ಎಷ್ಟು? ಹಾಡಿನ ಬದಲು ವೈಟ್ ನಾಯ್ಸ್, ಅದೇ ಒಂದೇ ಸಮನೆ ಬರೋ ‘ಶ್’ ಸದ್ದು, ಹಾಕಿದರೆ? ಅಕ್ಕನೂ ಅದೇ ಮೇಜಲ್ಲಿ ಓದ್ತಾಳೆ.

ಡೆಸಿಬೆಲ್
ಹಾಗಿದ್ದರೆ ಸ್ಪೀಕರ್ ಬೇಡ. 2024ರಲ್ಲಿ 13 ಅಧ್ಯಯನಗಳನ್ನು ಒಟ್ಟುಮಾಡಿ ನೋಡಿದಾಗ ವೈಟ್ ನಾಯ್ಸ್, ಅದಕ್ಕಿಂತ ಮೆತ್ತಗಿನ ಪಿಂಕ್ ನಾಯ್ಸ್‌ನಿಂದ ಎಡಿಎಚ್‌ಡಿ ಇದ್ದವರಿಗೆ ಸಣ್ಣ ಲಾಭ ಕಂಡಿತ್ತು, ಇಲ್ಲದವರ ಕೆಲಸ ಸ್ವಲ್ಪ ಕೆಟ್ಟಿತ್ತು. ತಮ್ಮನಿಗೆ ಔಷಧಿ, ಅಕ್ಕನಿಗೆ ಕಿರಿಕಿರಿ! ಎಲ್ಲರೂ ಹೊಗಳೋ, ಇನ್ನೂ ದಪ್ಪ ಸದ್ದಿನ ಬ್ರೌನ್ ನಾಯ್ಸ್ ಮೇಲೆ ಆ 13ರಲ್ಲಿ ಒಂದೂ ಅಧ್ಯಯನ ಇರಲಿಲ್ಲ.

ಕಿವಿ ಮುಚ್ಚೋ ಹೆಡ್‌ಫೋನ್ ತಗೊಳ್ಳಿ, ಫೋನ್ ಸೆಟಿಂಗ್ಸ್‌ನಲ್ಲಿ ವಾಲ್ಯೂಮ್ ಮಿತಿ ಹಾಕಿ. ಮಕ್ಕಳಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳೋ ಮಿತಿ 75 ಡೆಸಿಬೆಲ್, ಅದೂ ವಾರಕ್ಕೆ 40 ಗಂಟೆ. ಅಳೆಯೋಕೆ ಮೀಟರ್ ಬೇಕಿಲ್ಲ. ಒಂದು ಕೈಯಳತೆ ದೂರದಿಂದ ಮಾಮೂಲಿ ದನಿಯಲ್ಲಿ ಕರೀರಿ, ತಿರುಗಲಿಲ್ಲ ಅಂದರೆ ಜೋರಾಯ್ತು.

ಹಾಡಿನ ವಿಡಿಯೋ ಮಾತ್ರ ಕಣ್ಣಿಗೆ ಬೀಳಬಾರದು, ಸ್ಕ್ರೀನ್ ಕವುಚಿಡಿ.